ಫ್ರಿಜ್ಜಿನ ಹಕ್ಕಿಗಳು

ಮಾವನ ಮನೆಯ ಫ್ರಿಜ್ಜಿನ ತರಕಾರಿ ಟ್ರೇಯಲ್ಲಿ ಚಳಿಗಾಲ ಬಂತೆಂದರೆ ತರಕಾರಿ ಇಡುತ್ತಿರಲಿಲ್ಲ. ಕ್ಯಾರೆಟ್ಟು, ಹುರುಳಿಕಾಯಿ ಅಡುಗೆಮನೆಯ ಬುಟ್ಟಿಗೆ ಹೋಗುತ್ತಿದ್ದವು, ಸೊಪ್ಪು ಬಾಗಿಲ ಹಿಂದಿನ ನೀರಿನ ಪಾತ್ರೆಗೆ. ಅವರೆಕಾಯಿ ಹೇಗೂ ಗೋಣಿಚೀಲದಲ್ಲೇ ಹಜಾರದಲ್ಲಿ ಬಿದ್ದಿರುತ್ತಿತ್ತು. ಫ್ರಿಜ್ಜಿನ ಮೇಲಿನ ತಟ್ಟೆಗಳಲ್ಲಿ ಹಾಲು, ದೋಸೆ ಹಿಟ್ಟು, ನಿನ್ನೆಯ ಸಾರು. ಕೆಳಗಿನ ಟ್ರೇಯಲ್ಲಿ ನಿಪ್ಪಟ್ಟಿನ ಹಳೆಯ ಸ್ಟೀಲ್ ಡಬ್ಬಿ, ಅದರ ಮುಚ್ಚಳಕ್ಕೆ ಮೊಳೆಯಿಂದ ಹೊಡೆದ ಏಳು ತೂತು, ಒಳಗೆ ಜೀವಂತ ಹಕ್ಕಿ. ಈ ಉಪಾಯ ಮಾವನದು ಎಂದು ಯಾರಾದರೂ ಅಂದುಕೊಂಡರೆ ಅವನಿಗೆ ಅನ್ಯಾಯವಾಗುತ್ತದೆ. ಅವನಿಗೆ ಅಷ್ಟು ಬುದ್ಧಿ ಇರಲಿಲ್ಲ. ಕಂಡುಹಿಡಿದವಳು ನಾನು, ಹತ್ತನೇ ವಯಸ್ಸಿನಲ್ಲಿ, ಯಾರೂ ಹೇಳಿಕೊಡದೆ.

ಆ ಮನೆಗೆ ನಾನೂ ಅಮ್ಮನೂ ಒಂದು ಸೂಟ್‌ಕೇಸು, ಒಂದು ಕುಕ್ಕರು ಹಿಡಿದುಕೊಂಡು ಬಂದವರು. ಅಪ್ಪ ಇನ್ನೊಬ್ಬಳ ಜೊತೆ ಮಡಿವಾಳದಲ್ಲಿ ಮನೆ ಮಾಡಿದ್ದ. ಅವನ ಬಗ್ಗೆ ಇಷ್ಟು ಸಾಕು. ಮಾವ ಎಂದರೆ ಅಮ್ಮನ ಅಣ್ಣ. ಚಿಕ್ಕಲಸಂದ್ರ ಇನ್ನೂ ಹಳ್ಳಿಯಾಗಿದ್ದ ಕಾಲದಿಂದಲೂ ಅಲ್ಲಿದ್ದವರು ಅವರು. ರಾಗಿ ಹೊಲವೆಲ್ಲ ಲೇಔಟ್ ಆದ ಮೇಲೆ ಹೆಂಚಿನ ಮನೆ ಕೆಡವಿ ಅದೇ ಜಾಗದಲ್ಲಿ ಮೂರು ಅಂತಸ್ತು ಎಬ್ಬಿಸಿದ್ದರು. ಮೇಲೆ ಬಾಡಿಗೆಯವರು, ಕೆಳಗೆ ಮಾವ, ಅತ್ತೆ, ಅವರ ಒಬ್ಬಳೇ ಮಗಳು ಚೈತ್ರ, ಮತ್ತು ಕಣ್ಣು ಮಂಜಾಗಿದ್ದ ಅಜ್ಜಿ. ಹಿತ್ತಲಲ್ಲಿ ಹಿಂದಿನ ಕೊಟ್ಟಿಗೆ ಹಾಗೇ ಉಳಿದಿತ್ತು. ಅದಕ್ಕೆ ನಡುವೆ ಗೋಡೆ ಎತ್ತಿ ಒಂದು ಕಡೆ ಮನೆಯ ಕೊನೆಯ ಹಸುವನ್ನು ಕಟ್ಟಿದ್ದರು, ಇನ್ನೊಂದು ಕಡೆಗೆ ಗಾರೆ ನೆಲ, ಶೀಟಿನ ಸೂರು ಹಾಕಿಸಿ ರೂಮ್ ಎಂದು ಕರೆಯುತ್ತಿದ್ದರು. ಅದು ನಮ್ಮದು. ಹಸು ಮೈ ತುರಿಸಿಕೊಂಡರೆ ನಮ್ಮ ಕಡೆಯ ಕ್ಯಾಲೆಂಡರ್ ಅಲ್ಲಾಡುತ್ತಿತ್ತು. ಅಮ್ಮ ಬೆಳಿಗ್ಗೆ ಐದಕ್ಕೆ ಎದ್ದು ಇಡೀ ಮನೆಗೆ ಅಡುಗೆ ಮಾಡುತ್ತಿದ್ದಳು, ಎಲ್ಲರೂ ಉಂಡ ಮೇಲೆ ಪಾತ್ರೆಯಲ್ಲೇ ಉಳಿದ ಮುದ್ದೆಯನ್ನು ನಿಂತುಕೊಂಡೇ ತಿನ್ನುತ್ತಿದ್ದಳು. ಕೂತು ಉಣ್ಣು ಎಂದು ಯಾರೂ ಹೇಳಲಿಲ್ಲ, ನಾನೂ ಹೇಳಲಿಲ್ಲ.

ಅತ್ತೆ ಕೆಟ್ಟವಳೆಂದು ಹೇಳಲಾರೆ. ಕೆಟ್ಟವರು ಮುಚ್ಚುಮರೆ ಮಾಡುತ್ತಾರೆ, ಅತ್ತೆ ನಮ್ಮೆದುರಿಗೇ ಮಾಡುತ್ತಿದ್ದಳು. ಗೇಟಿಗೆ ನೇತುಹಾಕಿದ್ದ ಬೋರ್ಡು ನೋಡಿ ಯಾರಾದರೂ ಬಾಡಿಗೆಗೆ ಕೇಳಿಕೊಂಡು ಬಂದರೆ, ಮೇಲಿನ ಮನೆ ತೋರಿಸಿದ ಮೇಲೆ ನೇರ ಹಿತ್ತಲಿಗೆ ಕರೆತಂದು ನಮ್ಮ ಬಾಗಿಲು ತಳ್ಳುತ್ತಿದ್ದಳು. ನಾನು ಹೋಂವರ್ಕ್ ಮಾಡುತ್ತಿರಲಿ, ಅಮ್ಮ ತಲೆ ಬಾಚಿಕೊಳ್ಳುತ್ತಿರಲಿ, ಅವಳಿಗೆ ಲೆಕ್ಕವಿಲ್ಲ.

"ಇದೂ ಒಂದಿದೆ ನೋಡಿ. ಸದ್ಯಕ್ಕೆ ನಮ್ಮೋರೇ ಇದಾರೆ, ಖಾಲಿ ಮಾಡಿಸ್ಕೊಡ್ತೀನಿ. ಬಾತ್‌ರೂಮ್ ಆಚೆ ಬರುತ್ತೆ. ನೀರಿಗೇನೂ ತೊಂದ್ರೆ ಇಲ್ಲ."

ಬಂದವರು ಗೋಡೆ ನೋಡುತ್ತಿದ್ದರು, ಸೂರು ನೋಡುತ್ತಿದ್ದರು, ನಮ್ಮನ್ನು ಬಿಟ್ಟು ಎಲ್ಲವನ್ನೂ ನೋಡುತ್ತಿದ್ದರು. ಅಮ್ಮ ಎದ್ದು ಚಾಪೆ ಸುತ್ತಿ ಗೋಡೆಗೆ ಒರಗಿಸುತ್ತಿದ್ದಳು, ನೆಲ ಎಷ್ಟುದ್ದ ಇದೆ ಎಂದು ಅವರಿಗೆ ಕಾಣಲಿ ಅಂತ. ಅಮ್ಮನ ಆ ವಿನಯ ಕಂಡರೆ ನನಗೆ ಮೈಯೆಲ್ಲ ಉರಿಯುತ್ತಿತ್ತು. ಅತ್ತೆಯ ಮೇಲೆ ಬರದ ಸಿಟ್ಟು ಅಮ್ಮನ ಮೇಲೆ ಬರುತ್ತಿತ್ತು. ಈ ರೂಮು ಹೋದರೆ ನಮಗೆ ಇನ್ನೊಂದು ಇಲ್ಲ ಎಂಬುದು ಹತ್ತು ವರ್ಷದವಳಿಗೆ ಚೆನ್ನಾಗಿ ಗೊತ್ತಿತ್ತು. ಯಾರನ್ನು ಹಿಡಿದುಕೊಂಡರೆ ರೂಮು ಉಳಿಯುತ್ತದೆ ಎಂದು ಲೆಕ್ಕ ಹಾಕುವುದನ್ನು ನಾನು ಆಗಲೇ ಶುರು ಮಾಡಿದ್ದೆ. ಅತ್ತೆ ಆಗುವುದಿಲ್ಲ. ಅಜ್ಜಿಯ ಮಾತು ನಡೆಯುವುದಿಲ್ಲ. ಉಳಿದವನು ಮಾವ.

ಮಾವನಿಗೆ ಹೊಲ ಹೋದ ಮೇಲೆ ಮಾಡಲು ಕೆಲಸವಿರಲಿಲ್ಲ. ತಿಂಗಳ ಮೊದಲ ವಾರ ಬಾಡಿಗೆ ಕೇಳುವುದು, ಉಳಿದ ಮೂರು ವಾರ ನೀರಿನ ಮೋಟಾರು ಹಾಕಿ ಆರಿಸುವುದು. ಇಂಥವನು ಎಲ್ಲಿಯೋ ಏನೋ ನೋಡಿ ಒಂದು ದೊಡ್ಡ ಕ್ಯಾಮೆರಾ ತಂದ. ಮೊದಲು ಚೈತ್ರಳ ಹುಟ್ಟುಹಬ್ಬ ತೆಗೆದ, ಆಮೇಲೆ ಹಸು ತೆಗೆದ, ಆಮೇಲೆ ಕೆರೆ ಕಡೆ ಹೋಗಿ ಬೆಳ್ಳಕ್ಕಿ ತೆಗೆದ. ಹಕ್ಕಿ ಫೋಟೋ ತೆಗೆಯುವವರ ಒಂದು ಗುಂಪು ಭಾನುವಾರ ಬೆಳಿಗ್ಗೆ ಕೆರೆಗೆ ಬರುತ್ತಿತ್ತು: ಆಫೀಸಿನವರು, ಡಾಕ್ಟರು, ಜಯನಗರದ ಕಡೆಯ ಒಬ್ಬ ರಿಟೈರ್ಡ್ ಮೇಷ್ಟ್ರು. ಇಂಗ್ಲಿಷಿನಲ್ಲಿ ಮಾತಾಡುವ ಆ ಜನ ಮಾವನನ್ನು "ಸಾರ್" ಎಂದರು. ಬಾಡಿಗೆಯವರು ಅವನನ್ನು ಓನರ್ ಅನ್ನುತ್ತಿದ್ದರು, ಅದರಲ್ಲಿ ಭಯವಿತ್ತು, ಮರ್ಯಾದೆ ಇರಲಿಲ್ಲ. ಇದು ಬೇರೆ. ಮಾವ ಆ ಒಂದು ಮಾತಿಗೆ ಮಾರುಹೋದ. ಆದರೆ ಅವನಿಗೆ ತಾಳ್ಮೆ ಇರಲಿಲ್ಲ, ಕೈ ನಡುಗುತ್ತಿತ್ತು, ಹಕ್ಕಿ ಕೂತ ಕೂಡಲೇ "ಅಗೋ ಅಗೋ" ಎಂದು ತಾನೇ ಕೂಗಿ ಹಾರಿಸಿಬಿಡುತ್ತಿದ್ದ. ಅವನ ಫೋಟೋಗಳಲ್ಲಿ ಖಾಲಿ ಕೊಂಬೆಗಳು ಬಹಳ ಚೆನ್ನಾಗಿ ಬರುತ್ತಿದ್ದವು. ಗುಂಪಿನವರು ಹಲ್ಲು ಕಚ್ಚಿ ನಗು ತಡೆಯುತ್ತಿದ್ದುದು ಅವನಿಗೂ ಗೊತ್ತಾಗುತ್ತಿತ್ತು. ಮನೆಗೆ ಬಂದು ಆ ಸಿಟ್ಟನ್ನು ಅಮ್ಮ ಮಾಡಿದ ಸಾರಿನ ಮೇಲೆ ತೀರಿಸುತ್ತಿದ್ದ.

ಹಕ್ಕಿ ಹಿಡಿಯುವ ವಿದ್ಯೆ ಆ ಮನೆಯಲ್ಲಿ ಮೊದಲಿಂದ ಇತ್ತು. ರಾಗಿ ತೆನೆ ಬಲಿಯುವ ಕಾಲಕ್ಕೆ ಹೊಲದ ಬದುವಿನಲ್ಲಿ ಕೂದಲಿನ ಉರುಲು ಹಾಕುವುದು ಅಜ್ಜಿ ಚಿಕ್ಕವಳಿದ್ದಾಗಿನಿಂದ ಮಾಡಿದ ಕೆಲಸ. ಗೌಜುಗ, ರಾಟವಾಳ ಏನು ಬಿದ್ದರೂ ಸಂಜೆ ಸಾರಿಗೆ. ಒಂದು ದಿನ ಮಾವ ಕ್ಯಾಮೆರಾ ಬಿಸಾಕುವವನಂತೆ ಮಂಚದ ಮೇಲೆ ಎಸೆದಾಗ ಅಜ್ಜಿ ನಕ್ಕಳು.

"ಹಕ್ಕೀನ ಇಡ್ಕಂಡು ಕಾಲಿಗೆ ದಾರ ಕಟ್ಟಿ ಕೂರುಸ್ಕಳಪ್ಪ. ಆಮ್ಯಾಕೆ ದಿನಾ ಪೂರ್ತಿ ಪಟ ತಕ್ಕೋ."

ಅಜ್ಜಿ ತಮಾಷೆಗೆ ಹೇಳಿದ್ದು. ಮಾವ ತಮಾಷೆಗೆ ತೆಗೆದುಕೊಳ್ಳಲಿಲ್ಲ. ಅಜ್ಜಿಗೆ ಕಣ್ಣು ಕಾಣದು, ಮಾವನ ಬೆರಳು ದಪ್ಪ, ಚೈತ್ರ ಏಳು ವರ್ಷದವಳು, ಹಕ್ಕಿಯ ವಿಷಯಕ್ಕೆ ಬಂದರೆ ಅಳುಬುರುಕಿ. ನಾನು ಕೈ ಚಾಚಿದೆ. ಹಸುವಿನ ಬಾಲದ ಉದ್ದ ಕೂದಲು ಕಿತ್ತು ತಂದೆ. ಅಜ್ಜಿ ನನ್ನ ಬೆರಳುಗಳನ್ನು ತನ್ನ ಬೆರಳಿನಿಂದ ಮುಟ್ಟಿ ಮುಟ್ಟಿ ಕಲಿಸಿದಳು.

"ಇಂಗೆ ಸುತ್ತು. ನೀನು ಬಿಗೀಬ್ಯಾಡ ಕಣೆ. ಅದು ಗಾಬ್ರಿಯಾಗಿ ಎಳೀತದಲ್ಲ, ಆಗ ತಾನೇ ಬಿಗೀತದೆ."

ಒಂದು ವಾರದೊಳಗೆ ನಾನು ಅಜ್ಜಿಗಿಂತ ಚೆನ್ನಾಗಿ ಹಾಕುತ್ತಿದ್ದೆ. ಪಕ್ಕದ ಖಾಲಿ ಸೈಟಿನಲ್ಲಿ ಮೋರಿ ನೀರು ನಿಂತು ಕೆಸರಾಗಿತ್ತು. ಚಳಿಗಾಲಕ್ಕೆ ಅಲ್ಲಿಗೆ ಕುಂಡೆಕುಸ್ಕಗಳು ಬರುತ್ತಿದ್ದವು, ಬಾಲ ಕುಣಿಸಿಕೊಂಡು ಓಡಾಡುವ ಹಳದಿ ಹೊಟ್ಟೆಯ ಪುಟ್ಟ ಹಕ್ಕಿಗಳು. ಮೊದಲ ದಿನ ಒಂದು ಬಿತ್ತು. ಅಂಗೈಯಲ್ಲಿ ಅದರ ಎದೆ ಬಡಿದುಕೊಳ್ಳುವುದು ಗೊತ್ತಾಗುತ್ತಿತ್ತು. ಅಷ್ಟರಲ್ಲಿ ಮೇಲಿನ ಮನೆಯವರು ಮೋಟಾರು ಸುಟ್ಟ ವಾಸನೆ ಬರುತ್ತಿದೆ ಎಂದು ಕೂಗಿದರು. ಮಾವ ಓಡುತ್ತಾ ಹೇಳಿದ:

"ಎಲ್ಲಾದ್ರೂ ಇಡೇ ಅದನ್ನ! ನಾನು ಬರೋಗಂಟ ಕೆಡಬಾರ್ದು!"

ಕೆಡಬಾರದ್ದನ್ನು ಎಲ್ಲಿ ಇಡುತ್ತಾರೆ? ನನಗೆ ಒಂದೇ ಜಾಗ ಗೊತ್ತಿದ್ದದ್ದು. ನಮ್ಮ ಮನೆಯಲ್ಲಿ, ಅಂದರೆ ಅಪ್ಪ ಇದ್ದಾಗಿನ ಮನೆಯಲ್ಲಿ, ಫ್ರಿಜ್ ಇರಲಿಲ್ಲ. ಅದರ ಮಹಿಮೆಯನ್ನು ನಾನು ಪೂರ್ತಿ ನಂಬಿದ್ದೆ. ಡಬ್ಬಿಯಲ್ಲಿ ಹಾಕಿ ಟ್ರೇಯಲ್ಲಿಟ್ಟೆ. ಮಾವ ಬಂದು ವಿಷಯ ಕೇಳಿ ನನ್ನ ತಲೆಗೆ ಒಂದು ಬಿಟ್ಟು ಡಬ್ಬಿ ತೆಗೆದ. ಹಕ್ಕಿ ಸತ್ತಿರಲಿಲ್ಲ. ಪುಕ್ಕವನ್ನೆಲ್ಲ ಉಬ್ಬಿಸಿಕೊಂಡು ನಿಂಬೆಹಣ್ಣಿನಷ್ಟು ದುಂಡಗಾಗಿ, ಕತ್ತನ್ನು ಎದೆಯೊಳಗೆ ಎಳೆದುಕೊಂಡು ಕೂತಿತ್ತು. ಕಾಲಿಗೆ ದಾರ ಕಟ್ಟಿ ಕಲ್ಲಿನ ಮೇಲೆ ಇಟ್ಟರೆ ಇಟ್ಟಲ್ಲೇ ಇತ್ತು. ದಾರವನ್ನು ಎಳೆಯಲೂ ಇಲ್ಲ. ಮಾವ ಮಂಡಿಯೂರಿ, ನಡುಗುವ ಕೈಯಲ್ಲಿ, ಜೀವಮಾನದಲ್ಲಿ ಮೊದಲ ಸಲ, ಹಕ್ಕಿ ಇರುವ ಫೋಟೋ ತೆಗೆದ. ಅದನ್ನು ಗುಂಪಿನವರು ದೊಡ್ಡದಾಗಿ ಮುದ್ರಿಸಿ ಪ್ರದರ್ಶನಕ್ಕೆ ಹಾಕಿದರು. ಡಿಸೆಂಬರಿನ ಬೆಳಗಿನ ಚಳಿಯೇ ಚಿತ್ರದೊಳಗೆ ಇಳಿದು ಬಂದಿದೆ ಎಂದು ಯಾರೋ ಹೊಗಳಿದರಂತೆ. ಮಾವ ಅದನ್ನು ಊಟಕ್ಕೆ ಕೂತಾಗ ಮೂರು ಸಲ ಹೇಳಿದ. ಮೂರನೆಯ ಸಲ ನನ್ನ ಕಡೆ ನೋಡಿ "ನನ್ ಸೊಸೆ ಕಣೆ ಇವಳು" ಎಂದು ಅತ್ತೆಗೆ ಹೇಳಿದ. ನಾನು ಆ ಮಾತನ್ನು ಹೊತ್ತುಕೊಂಡು ಹಿಂದಿನ ರೂಮಿಗೆ ಬಂದು ಅಮ್ಮನಿಗೆ ಹೇಳಿದೆ. ಅಂದು ನನ್ನಷ್ಟು ಸುಖವಾಗಿ ನಿದ್ದೆ ಮಾಡಿದವರು ಆ ಮನೆಯಲ್ಲಿ ಇನ್ನೊಬ್ಬರಿರಲಿಲ್ಲ.

ಎರಡು ಚಳಿಗಾಲ ಹೀಗೇ ನಡೆಯಿತು. ಯಾವ ಹಕ್ಕಿಗೆ ಎಷ್ಟು ಹೊತ್ತು ಎಂಬುದನ್ನು ನಾನು ಮಗ್ಗಿಯಲ್ಲಿ ಅಳೆಯುತ್ತಿದ್ದೆ. ಫ್ರಿಜ್ಜಿನ ಮುಂದೆ ಚಕ್ಕಳಮಕ್ಕಳ ಹಾಕಿ ಕೂತು ಎರಡರ ಮಗ್ಗಿಯಿಂದ ಶುರು. ಬೆರಳುದ್ದದ ಸೂರಕ್ಕಿಗೆ ಎಂಟರ ತನಕ, ಅದಕ್ಕಿಂತ ಹೆಚ್ಚಾದರೆ ಹೋಯಿತು. ಕುಂಡೆಕುಸ್ಕಕ್ಕೆ ಹದಿನೈದರ ತನಕ. ಪಿಕಳಾರ, ಗೊರವಂಕಕ್ಕೆ ಇಪ್ಪತ್ತರ ತನಕ ಎರಡು ಸಲ. ಈ ಲೆಕ್ಕ ಸರಿಹೋಗುವ ಮುಂಚೆ ಎಷ್ಟೋ ಹಕ್ಕಿ ಸತ್ತವು, ಸರಿಹೋದ ಮೇಲೂ ಸತ್ತವು. ಸತ್ತದ್ದನ್ನು ಕಾಂಪೌಂಡಿನ ಆಚೆ ಎಸೆದರೆ ಬೀದಿ ನಾಯಿ ಕಾದಿರುತ್ತಿತ್ತು. ಬದುಕಿದ್ದು ಬಿಸಿಲಿಗೆ ಇಟ್ಟ ಮೇಲೆ ಸುಧಾರಿಸಿಕೊಂಡು ಹಾರಿಹೋಗುತ್ತಿತ್ತು, ಒಂದೊಂದು ಸಲ ದಾರದ ತುಂಡನ್ನು ಕಾಲಿನಲ್ಲೇ ಇಟ್ಟುಕೊಂಡು. ಸ್ಕೂಲಿನಲ್ಲಿ ಮಿಸ್ಸು ನನ್ನನ್ನು ನಿಲ್ಲಿಸಿ ಇಪ್ಪತ್ತರವರೆಗೆ ತಪ್ಪಿಲ್ಲದೆ ಮಗ್ಗಿ ಹೇಳಿಸಿ ಇಡೀ ಕ್ಲಾಸಿನಿಂದ ಚಪ್ಪಾಳೆ ಹೊಡೆಸಿದರು. ಅತ್ತೆ ಮೊದಮೊದಲು ದೋಸೆ ಹಿಟ್ಟಿನ ಕೆಳಗೆ ಹೇಲು ಹಾಕುವ ಜೀವವೇ ಎಂದು ರಂಪ ಮಾಡಿದಳು. ಗಂಡನ ಫೋಟೋ ಒಂದು ಪೇಪರಿನಲ್ಲಿ ಬಂದ ಮೇಲೆ ಅವಳೇ ಟ್ರೇಗೆ ಪ್ಲಾಸ್ಟಿಕ್ ಹಾಸಿಕೊಟ್ಟಳು. ತೊಳೆಯುವವಳು ಮಾತ್ರ ಅಮ್ಮ. ಒಂದು ಸಲ, ಹಿತಕಿದ ಬೇಳೆಗೆಂದು ನೆನೆಸಿದ ಅವರೆಕಾಳನ್ನು ಇಬ್ಬರೂ ಹಿತುಕುತ್ತಾ ಕೂತಿದ್ದಾಗ, ತಲೆಯೆತ್ತದೆ ಹೇಳಿದಳು.

"ಸಾಕು ಕಣೆ ಸುಮಾ ಇದೆಲ್ಲ. ಪಾಪ ಅವು."

"ರೂಮ್ ಬಿಟ್ಟು ಹೋಗೋಣ ಹಾಗಾದ್ರೆ. ನಡಿ. ಎಲ್ಲಿಗೆ ಹೋಗೋಣ ಹೇಳು."

ಅಮ್ಮ ಮತ್ತೆ ಕಾಳಿಗೆ ಕೈ ಹಾಕಿದಳು. ಹೆಬ್ಬೆರಳಿನಿಂದ ಒತ್ತಿದರೆ ಸಿಪ್ಪೆಯಿಂದ ಬೇಳೆ ಪುಳಕ್ಕನೆ ಹಾರುತ್ತದೆ. ಇಬ್ಬರೂ ಅದನ್ನೇ ಮಾಡುತ್ತಾ ಕೂತೆವು. ಹನ್ನೊಂದು ವರ್ಷದವಳಿಗೆ ಹೆತ್ತ ತಾಯಿಯ ಬಾಯಿ ಮುಚ್ಚಿಸುವುದು ಇಷ್ಟು ಸುಲಭವಾಗಬಾರದಿತ್ತು.

ಚೈತ್ರ ಒಬ್ಬಳೇ ನನಗೆ ಅಡ್ಡ ಬರುತ್ತಿದ್ದವಳು. ನಾನು ಉರುಲು ಹಾಕಿ ಬಂದರೆ ಹಿಂದಿನಿಂದ ಹೋಗಿ ಕೋಲಿನಿಂದ ಕೆಡಿಸುತ್ತಿದ್ದಳು. ಡಬ್ಬಿಯೊಳಗೆ ಅಕ್ಕಿ ನುಚ್ಚು ಉದುರಿಸುತ್ತಿದ್ದಳು, ತೂತಿಗೆ ಬಾಯಿಟ್ಟು "ಇನ್ನೊಂಚೂರು ಹೊತ್ತು, ಆಯ್ತಾ?" ಎಂದು ಪಿಸುಗುಟ್ಟುತ್ತಿದ್ದಳು. ನಾನು ಅವಳ ಕೈ ತಿರುಚುತ್ತಿದ್ದೆ, ಗುರುತು ಕಾಣದ ಜಾಗದಲ್ಲಿ ಚಿವುಟುತ್ತಿದ್ದೆ. ಅವಳಿಗೆ ಮಂಚ ಇತ್ತು, ರಜಾಯಿ ಇತ್ತು, ಅಪ್ಪ ಇದ್ದ. ಹಕ್ಕಿಯ ಮೇಲೆ ಕನಿಕರ ಪಡುವಷ್ಟು ಪುರುಸೊತ್ತೂ ಇತ್ತು. ಅದಕ್ಕೆ ನನಗೆ ಅವಳ ಮೇಲೆ ಹೊಟ್ಟೆಕಿಚ್ಚು. ಆದರೂ ಅವಳು ನನ್ನ ಹಿಂದೆಯೇ ಸುತ್ತುತ್ತಿದ್ದಳು. ಆ ಮನೆಯಲ್ಲಿ ಅವಳ ಜೊತೆ ಆಡಲು ಬೇರೆ ಮಕ್ಕಳಿರಲಿಲ್ಲ.

ಎರಡನೆಯ ಚಳಿಗಾಲದಲ್ಲಿ ಒಂದು ಸಂಜೆ ಅವಳು ನನ್ನ ಕೈ ಹಿಡಿದು ಕೊಟ್ಟಿಗೆಯ ಹಿಂದಕ್ಕೆ ಎಳೆದುಕೊಂಡು ಹೋದಳು. ಅಲ್ಲಿ ಸೀಬೆಮರದ ಬುಡದಲ್ಲಿ ವರ್ಷಗಟ್ಟಲೆ ಗುಡಿಸದ ಎಲೆ ಕೊಳೆತು ಬಿದ್ದಿತ್ತು. ಬಚ್ಚಲ ನೀರು ಹರಿದು ತಂಪಾಗಿತ್ತು. ಎಲೆಗಳನ್ನು ಕೊಕ್ಕಿನಿಂದ ಅತ್ತಿತ್ತ ಎಸೆಯುತ್ತಾ ಒಂದು ಹಕ್ಕಿ ನಡೆದಾಡುತ್ತಿತ್ತು: ಬೆನ್ನು ಹಸಿರು, ರೆಕ್ಕೆಯಲ್ಲಿ ನೀಲಿ, ಹೊಟ್ಟೆಯ ಕೆಳಗೆ ಕುಂಕುಮ ಚೆಲ್ಲಿದ ಕೆಂಪು, ಕಣ್ಣಿಗೆ ದಪ್ಪ ಕಾಡಿಗೆ ಗೆರೆ, ಮೋಟು ಬಾಲ. ನವರಂಗ. ಮಾವನ ಪುಸ್ತಕದಲ್ಲಿ ಅದರ ಚಿತ್ರವಿತ್ತು. ಉತ್ತರದ ಕಾಡುಗಳಿಂದ ಹಾರಿಬಂದು ಚಳಿಗಾಲ ಕಳೆಯುವ ಹಕ್ಕಿ. ಗುಂಪಿನವರು ಅದಕ್ಕಾಗಿ ಊರೂರು ಅಲೆಯುತ್ತಿದ್ದರು.

"ಹೋದ ವರ್ಷಾನೂ ಬಂದಿತ್ತು ಸುಮಕ್ಕ. ನಾನು ಯಾರಿಗೂ ಹೇಳ್ಲಿಲ್ಲ. ನಿಂಗೊಬ್ಳಿಗೇ ಹೇಳಿದ್ದು. ಅಪ್ಪಂಗೆ ಹೇಳ್ಬೇಡ. ನನ್ನಾಣೆ."

"ಆಯ್ತು, ಹೇಳಲ್ಲ."

ಹೇಳಬಾರದೆಂದೇ ಇದ್ದೆ. ಅದು ನಿಜ. ಏಳೆಂಟು ದಿನ ಅವಳ ಜೊತೆ ಕೂತು ಕದ್ದು ನೋಡಿದೆ ಕೂಡ. ಆಮೇಲೆ ಅತ್ತೆ ಇಬ್ಬರು ಹುಡುಗರನ್ನು ಕರೆದುಕೊಂಡು ಹಿತ್ತಲಿಗೆ ಬಂದಳು. ಹುಬ್ಬಳ್ಳಿ ಕಡೆಯವರು, ಬಿಟಿಎಂ ಲೇಔಟಿನಲ್ಲಿ ಆರು ಜನರ ಜೊತೆ ಇದ್ದು ಸಾಕಾಗಿದ್ದವರು. ಅವರು ಉಳಿದವರಂತೆ ಮೂಗು ಮುರಿಯಲಿಲ್ಲ. ಒಬ್ಬ ಚಪ್ಪಲಿ ಬಿಟ್ಟು ಒಳಗೆ ಬಂದು ನೆಲ ಮುಟ್ಟಿ ನೋಡಿದ. ಅಮ್ಮ ಚಾಪೆ ಸುತ್ತಿ ನಿಂತಿದ್ದಳು.

"ಛಲೋ ಐತ್ರಿ ಆಂಟಿ. ನಮಗ ಇಷ್ಟ ಸಾಕ್ರಿ. ಇವ್ರು ಯಾವಾಗ ಬಿಡ್ತಾರ್ರಿ?"

"ಸಂಕ್ರಾಂತಿ ಕಳೀಲಿ. ಆಮೇಲೆ ಬಂದ್ಬಿಡಿ."

ನಾನು ಅಲ್ಲಿಂದ ಎದ್ದು ಸೀದಾ ತಾರಸಿಗೆ ಹೋದೆ. ಮಾವ ನೀರಿನ ಟ್ಯಾಂಕಿನ ಪಕ್ಕ ಬಿಸಿಲು ಕಾಯಿಸುತ್ತಾ ಲೆನ್ಸು ಒರೆಸುತ್ತಿದ್ದ.

"ಮಾವ, ನಮ್ಮ ಹಿತ್ಲಲ್ಲಿ ನವರಂಗ ಇದೆ. ನಾನು ಹಿಡ್ಕೊಡ್ತೀನಿ. ಹಿಂದಿನ ರೂಮ್ ಯಾರಿಗೂ ಕೊಡಲ್ಲ ಅಂತ ಹೇಳಿ."

ಮಾವ ನನ್ನನ್ನು ತುಂಬಾ ಹೊತ್ತು ನೋಡಿದ. ಮಕ್ಕಳನ್ನು ನೋಡುವ ಹಾಗೆ ಅಲ್ಲ, ಸೈಟು ಕೊಳ್ಳಲು ಬಂದವನನ್ನು ನೋಡುವ ಹಾಗೆ.

"ಮೊದ್ಲು ಹಿಡಿ," ಅಂದ.

ನವರಂಗ ಫೋಟೋದಲ್ಲಿ ಇದ್ದರೆ ಮಾವನಿಗೆ ಸಾಲದಾಯಿತು. ಅದು ತನ್ನ ಹಿತ್ತಲಲ್ಲೇ ಇದೆ ಎಂದು ಎಲ್ಲರಿಗೂ ತೋರಿಸಬೇಕಿತ್ತು. ಗುಂಪಿನವರನ್ನು ಭಾನುವಾರ ಬೆಳಿಗ್ಗೆ ಮನೆಗೆ ಕರೆದ. ಬಟ್ಟೆ ಒಣಹಾಕುವ ಹಗ್ಗಕ್ಕೆ ಅಮ್ಮನ ಹಳೆಯ ಹಸಿರು ಸೀರೆ ಇಳಿಬಿಟ್ಟು, ಲೆನ್ಸು ತೂರಿಸಲು ಅದರಲ್ಲಿ ಆರು ತೂತು ಕತ್ತರಿಸಿ ಮರೆ ಮಾಡಿದ. ಶನಿವಾರ ಸಂಜೆ ನಾನು ಉರುಲು ಹಾಕಿದೆ. ನವರಂಗ ತಂಟೆಯಿಲ್ಲದೆ ಬಿತ್ತು. ರಾತ್ರಿಯಿಡೀ ಅದನ್ನು ಮಂಕರಿಯ ಕೆಳಗೆ ಮುಚ್ಚಿಟ್ಟಿದ್ದೆವು. ಚೈತ್ರ ವಿಷಯ ತಿಳಿದು ನನ್ನ ಮುಖ ನೋಡಿದಳೇ ಹೊರತು ಏನೂ ಅನ್ನಲಿಲ್ಲ. ಅಂದಿದ್ದರೆ ಒದ್ದುಬಿಡಬಹುದಿತ್ತು.

ಬೆಳಿಗ್ಗೆ ಮಾವ ಅತಿಥಿಗಳನ್ನು ಕರೆತರಲು ಬನಶಂಕರಿ ಬಸ್‌ಸ್ಟ್ಯಾಂಡಿಗೆ ಹೋದ. ಹೊರಡುವಾಗ ನನಗೆ ಅಪ್ಪಣೆ ಕೊಟ್ಟ.

"ಅಲ್ಲಿಂದ ಮಿಸ್ಡ್ ಕಾಲ್ ಕೊಡ್ತೀನಿ. ಆಗ ಫ್ರಿಜ್ಜಿಗೆ ಹಾಕು. ನಾನು ಬಂದು ಹೇಳೋವರ್ಗೂ ತೆಗೀಬೇಡ. ಅದೇನಾದ್ರೂ ಹಾರೋಯ್ತು ಅಂದ್ರೆ, ನಿಮ್ಮ ಗಂಟೂಮೂಟೆ ರೆಡಿ ಇಟ್ಕೋ."

ಏಳಕ್ಕೆ ಮಿಸ್ಡ್ ಕಾಲ್ ಬಂತು. ಹಾಕಿದೆ. ಮಗ್ಗಿ ಶುರು ಮಾಡಿದೆ. ಬಂದವರು ಅಲ್ಲೇ ಒಂದು ಹೋಟೆಲಿನಲ್ಲಿ ಕಾಫಿಗೆ ನಿಂತಿದ್ದರೆಂದು ಆಮೇಲೆ ಗೊತ್ತಾಯಿತು. ಇಪ್ಪತ್ತರ ಮಗ್ಗಿ ಮುಗಿಯಿತು, ಮತ್ತೆ ಎರಡರಿಂದ ಹಿಡಿದೆ. ಅದೂ ಮುಗಿಯಿತು. ಅಡುಗೆಮನೆಯಲ್ಲಿ ಅಮ್ಮ ಅತಿಥಿಗಳಿಗೆಂದು ಅವರೆಕಾಳು ಉಪ್ಪಿಟ್ಟಿಗೆ ರವೆ ಹುರಿಯುತ್ತಿದ್ದಳು. ಚೈತ್ರ ನನ್ನ ಪಕ್ಕ ಬಂದು ಕೂತು ತೋಳು ಜಗ್ಗಿದಳು.

"ಸಾಕು ಸುಮಕ್ಕ, ತೆಗಿ. ಸತ್ತೋಗುತ್ತೆ. ದಮ್ಮಯ್ಯ ಅಂತೀನಿ, ತೆಗಿ."

ನಾನು ಫ್ರಿಜ್ಜಿನ ಬಾಗಿಲಿಗೆ ಬೆನ್ನು ಕೊಟ್ಟು ಕೂತೆ. ಅವಳು ಅಳುತ್ತಾ ನನ್ನ ಮೈಮೇಲೆ ಬಿದ್ದಾಗ ಕಾಲಿನಿಂದ ತಳ್ಳಿದೆ. ಮೂರನೆಯ ಸಲ ಮಗ್ಗಿ ಶುರು ಮಾಡಿದೆ. ಹಕ್ಕಿ ಸಾಯಬಹುದೆಂದು ನನಗೆ ಹೊಳೆಯಲಿಲ್ಲ ಎಂದು ಬರೆದರೆ ಸುಳ್ಳಾಗುತ್ತದೆ. ಹೊಳೆಯಿತು. ಸತ್ತರೆ ಮಾವನ ಮಾತು ಕೇಳಿದ್ದಕ್ಕೆ ಸತ್ತಿತು, ಹಾರಿದರೆ ನನ್ನಿಂದ ಹಾರಿತು ಎಂದು ಲೆಕ್ಕ ಹಾಕಿಯೇ ಕೂತಿದ್ದೆ.

ಗೇಟಿನ ಸದ್ದಾಯಿತು. ಮಾವ ಅವರನ್ನು ಹಿತ್ತಲಿಗೆ ಕಳಿಸಿ ತಾನು ಅಡುಗೆಮನೆಗೆ ಬಂದು ಡಬ್ಬಿ ತೆಗೆದ. ನವರಂಗ ಮಗ್ಗುಲಾಗಿ ಬಿದ್ದಿತ್ತು, ಕಾಲು ಮಡಚಿಕೊಂಡು. ಮಾವ ಎರಡು ಸಲ ಊದಿದ. ಆಮೇಲೆ ಅಲ್ಲೇ ಇದ್ದ ತೆಂಗಿನ ಪೊರಕೆಯಿಂದ ಒಂದು ಕಡ್ಡಿ ಕಿತ್ತು ನನ್ನ ಕೈಗಿಟ್ಟ.

"ಕಟ್ಟು. ಬೇರಿನ ಮೇಲೆ ನಿಲ್ಸು. ದೂರದಿಂದ ತಾನೇ ನೋಡೋದು."

ಕಟ್ಟಿದೆ. ಕಡ್ಡಿಯನ್ನು ಎದೆಗೆ ಆನಿಸಿ ಕಪ್ಪು ದಾರದಿಂದ ಬಿಗಿದು, ಸೀಬೆಮರದ ಬೇರಿನ ಮೇಲೆ ನಿಲ್ಲಿಸಿ, ಕಾಲ ಬಳಿ ಎಲೆ ಮುಚ್ಚಿ, ಮರದ ಹಿಂದಿನಿಂದ ನುಸುಳಿ ಬಂದೆ. ಅಷ್ಟು ಚೆನ್ನಾಗಿ ನಾನು ಬದುಕಿದ್ದ ಹಕ್ಕಿಯನ್ನೂ ಯಾವತ್ತೂ ನಿಲ್ಲಿಸಿರಲಿಲ್ಲ. ಅಮ್ಮನ ಸೀರೆಯ ತೂತುಗಳಿಂದ ಕ್ಯಾಮೆರಾಗಳು ಚಟಚಟ ಎಂದವು.

"ಸಖತ್ ಪೋಸ್ ಕೊಡ್ತಿದೆ ಗುರು! ಅಲ್ಲಾಡ್ತಾನೇ ಇಲ್ಲ!"

"ಚಳಿಗೆ ಸಾರ್, ಚಳಿಗೆ," ಎಂದ ಮಾವ.

ಮೇಷ್ಟ್ರು ಒಬ್ಬರೇ ಫೋಟೋ ತೆಗೆಯುತ್ತಿರಲಿಲ್ಲ. ಬೈನಾಕ್ಯುಲರ್ ಹಿಡಿದು ನೋಡುತ್ತಲೇ ಇದ್ದರು. ನವರಂಗ ನಿಂತಲ್ಲಿ ನಿಂತರೂ ಮೋಟು ಬಾಲ ಆಡಿಸುತ್ತಲೇ ಇರುತ್ತದೆ. ಅವರು ಅದಕ್ಕೇ ಕಾಯುತ್ತಿದ್ದರೇನೋ. ಅಷ್ಟರಲ್ಲಿ ಗುಂಪಿನ ಒಬ್ಬ ಹುಡುಗ ತನ್ನ ಕ್ಯಾಮೆರಾದ ಹಿಂದಿನ ಪರದೆಯನ್ನು ಕಣ್ಣ ಹತ್ತಿರ ತಂದು ಚಿತ್ರವನ್ನು ದೊಡ್ಡದು ಮಾಡಿದ.

"ತಡಿ ಮಗಾ. ಕಣ್ಣ ಮೇಲೆ ಏನೋ ಹರೀತಿದೆ ನೋಡು." ಇನ್ನಷ್ಟು ದೊಡ್ಡದು ಮಾಡಿದ. "ಇರುವೆ ಕಣೋ. ಕಣ್ಣೊಳಗೇ ಹೋಗ್ತಿದೆ."

ಮೇಷ್ಟ್ರು ಸೀರೆ ಸರಿಸಿ ನಡೆದುಹೋಗಿ ಹಕ್ಕಿಯನ್ನು ಎತ್ತಿದರು. ಕಡ್ಡಿಯೂ ದಾರವೂ ಜೊತೆಗೇ ಬಂದವು. ಅಂಗೈ ಮೇಲೆ ಇಟ್ಟುಕೊಂಡು ತಿರುಗಿದರು.

"ಐಸ್ ಥರ ಇದೆಯಲ್ರೀ ಇದು. ಯಾರು ಮಾಡಿದ್ದು?"

ಮಾವನ ಬಾಯಿ ತೆರೆಯಿತು. ಅವನ ಕಣ್ಣು ನನ್ನ ಮೇಲಿತ್ತು. ಅಪ್ಪ ಬಿಟ್ಟುಹೋದ ಹುಡುಗಿ, ಹಿಂದಿನ ರೂಮಿನಲ್ಲಿ ಇಟ್ಟುಕೊಂಡಿದ್ದೇವೆ, ಹೇಳಿದ ಮಾತು ಕೇಳುವುದಿಲ್ಲ. ಅವನು ಆಡಲಿದ್ದ ಒಂದೊಂದು ಮಾತೂ ನನಗೆ ಮೊದಲೇ ಕೇಳಿಸಿತು. ಅದರ ಜೊತೆಗೆ ಆ ರೂಮೂ ಹೋಗುತ್ತಿತ್ತು. ಅವನಿಗಿಂತ ಮುಂಚೆ ನಾನು ಹೇಳಿದೆ.

"ಚೈತ್ರ ಸಾರ್. ಫ್ರಿಜ್ಜಲ್ಲಿ ಇಟ್ಬಿಟ್ಳು. ಚಿಕ್ಕೋಳು, ಗೊತ್ತಾಗ್ಲಿಲ್ಲ."

ಮಾವ ಒಂದು ಕ್ಷಣ ನನ್ನನ್ನೇ ನೋಡಿದ. ಅವನಿಗೆ ಬುದ್ಧಿ ಕಡಿಮೆ ಎಂದೆನಲ್ಲ, ಅಂದು ಮಾತ್ರ ಬೇಗ ಹೊಳೆಯಿತು. ಎಂಟು ವರ್ಷದ ಮಗಳು ಮುದ್ದಿನಿಂದ ಮಾಡಿದ ತಪ್ಪು ಎಂದರೆ ಯಾರು ಏನು ಅನ್ನುತ್ತಾರೆ?

"ಹೌದು ಸಾರ್, ನನ್ ಮಗಳಿಗೆ ಹಕ್ಕಿ ಅಂದ್ರೆ ಪ್ರಾಣ. ಎಲ್ಲೋ ಸಿಕ್ಕಿದ್ದನ್ನ ತಂದು ಇಟ್ಬಿಟ್ಟಿದಾಳೆ. ನೀವೆಲ್ಲ ಬರ್ತೀರಲ್ಲ, ನಿರಾಸೆ ಆಗ್ಬಾರ್ದು ಅಂತ ಮಕ್ಕಳೇ ಏನೋ ಕಟ್ಟಿ ನಿಲ್ಸಿದಾವೆ. ನಂಗೂ ಈಗ್ಲೇ ಗೊತ್ತಾಗಿದ್ದು."

ಹಾಗೆಂದು, ನಂಬಿಕೆ ಬರಲಿ ಅಂತ, ಚೈತ್ರಳ ಕೆನ್ನೆಗೆ ಬಾರಿಸಿದ. ಅವಳು ಅಳಲಿಲ್ಲ. ಅಪ್ಪನ ಕಡೆಗೂ ನೋಡಲಿಲ್ಲ. ನನ್ನನ್ನೇ ನೋಡುತ್ತಾ ನಿಂತಿದ್ದಳು, ನಾನು ಈಗ ಏನೋ ಹೇಳುತ್ತೇನೆ ಎನ್ನುವ ಹಾಗೆ. ಹುಡುಗರು ಮೆಲ್ಲಗೆ ನಗಲು ಶುರು ಮಾಡಿದರು. ಮೇಷ್ಟ್ರು ನನ್ನ ಕೈ ನೋಡಿದರು. ಬಲಗೈ ತೋರುಬೆರಳಿಗೆ ಕಪ್ಪು ದಾರದ ತುದಿ ಇನ್ನೂ ಸುತ್ತಿಕೊಂಡಿತ್ತು. ನಾನು ಕೈ ಹಿಂದಕ್ಕೆ ತೆಗೆದುಕೊಂಡೆ. ಅವರು ಹಕ್ಕಿಯನ್ನು ಬೇರಿನ ಪಕ್ಕ ಇಟ್ಟು ಕೈ ತೊಳೆದುಕೊಂಡು ಬಂದರು. ಅಮ್ಮ ಉಪ್ಪಿಟ್ಟು ತಂದಿಟ್ಟಳು. ಎಲ್ಲರ ಜೊತೆ ಅವರೂ ತಿಂದರು, ಚೆನ್ನಾಗಿದೆ ಅಂದರು, ಹೋದರು.

ಮಾವ ಅತ್ತೆಯನ್ನು ಕರೆದು, ಹಿಂದಿನ ರೂಮಿನ ಸುದ್ದಿ ಬಿಡು, ಅವರಿರಲಿ ಎಂದ. ಹುಬ್ಬಳ್ಳಿಯ ಹುಡುಗರಿಗೆ ಇಲ್ಲವೆಂದು ಹೇಳಿ ಕಳಿಸಿದರು. ಅಮ್ಮ ಎಲ್ಲವನ್ನೂ ಅಡುಗೆಮನೆಯ ಕಿಟಕಿಯಿಂದ ನೋಡಿದ್ದಳು. ಅಂದು ನನಗೆ ಬಡಿಸುವಾಗ ಮುದ್ದೆಯ ಗುಳಿಗೆ ಎರಡು ಚಮಚ ತುಪ್ಪ ಹಾಕಿದಳು. ಅವಳ ಮುಖದಲ್ಲಿ ಸಿಟ್ಟಿರಲಿಲ್ಲ, ಉಪಕಾರ ಪಡೆದವರ ಸಂಕೋಚವಿತ್ತು. ಹೆತ್ತ ತಾಯಿ ನನಗೆ ಹೆದರಿಕೊಂಡು ತುಪ್ಪ ಹಾಕಿದ್ದನ್ನು ನಾನು ತಿಂದೆ. ಅವಳು ಹೊಡೆದಿದ್ದರೆ ನಾನು ಬೇರೆ ಯಾರೋ ಆಗುತ್ತಿದ್ದೆನೇನೋ. ಆ ರೂಮಿನಲ್ಲಿ ಇನ್ನೂ ಒಂಬತ್ತು ವರ್ಷ ಇದ್ದೆವು.

ಮಾವ ಆ ಕಥೆಯನ್ನು ಬಿಡಲಿಲ್ಲ. ಒಮ್ಮೆ ಸುಳ್ಳು ಹೇಳಿದ ಮೇಲೆ ಅದನ್ನು ಹೇಳುತ್ತಲೇ ಇರಬೇಕಾಯಿತೋ, ಅಥವಾ ಅವನಿಗೆ ನಿಜವಾಗಿಯೂ ತಮಾಷೆ ಅನಿಸಿತೋ. ನೆಂಟರು ಬಂದಾಗ, ಹಬ್ಬಕ್ಕೆ, ಚೈತ್ರಳನ್ನು ನೋಡಲು ಗಂಡಿನವರು ಬಂದಾಗ ಕೂಡ, "ನಮ್ಮ ಹುಡ್ಗಿ ಬಲು ಮೃದು, ಹಕ್ಕಿಗೆ ಸೆಕೆ ಆಗುತ್ತೆ ಅಂತ ಫ್ರಿಜ್ಜಲ್ಲಿ ಇಟ್ಟಿದ್ಳು" ಎಂದು ನಗಿಸುತ್ತಿದ್ದ. ಮೊದಲ ಒಂದೆರಡು ವರ್ಷ ಚೈತ್ರ "ನಾನಲ್ಲ" ಎನ್ನುತ್ತಿದ್ದಳು. ಆಮೇಲೆ ಸುಮ್ಮನಾದಳು. ಮತ್ತೂ ಆಮೇಲೆ ಎಲ್ಲರ ಜೊತೆ ನಗತೊಡಗಿದಳು.

ಹೋದ ಚಳಿಗಾಲದಲ್ಲಿ ಜೆ.ಪಿ. ನಗರದ ಅವಳ ಮನೆಗೆ ಹೋಗಿದ್ದೆ. ಮಾವ ಈಗಿಲ್ಲ, ಅಮ್ಮನೂ ಇಲ್ಲ. ಚೈತ್ರಳ ಆರು ವರ್ಷದ ಮಗಳು ಬಾಲ್ಕನಿಯಲ್ಲಿ ನಿಂತು ಮೊಬೈಲಿನಲ್ಲಿ ಸೂರಕ್ಕಿಯ ಫೋಟೋ ತೆಗೆಯುತ್ತಿದ್ದಳು. ಒಂದೂ ಸರಿಯಾಗಿ ಬರಲಿಲ್ಲವೆಂದು ಮುನಿಸಿಕೊಂಡು ಒಳಗೆ ಬಂದಳು.

"ಅಮ್ಮ, ನೀನು ಚಿಕ್ಕೋಳಿದ್ದಾಗ ಹಕ್ಕಿ ಹಿಡಿದಿದ್ಯಾ?"

ಚೈತ್ರ ಅವರೆಕಾಯಿ ಸುಲಿಯುತ್ತಿದ್ದಳು. ಕೈ ನಿಲ್ಲಿಸಿದಳು. ಅವಳು ನಗುತ್ತಾಳೆಂದುಕೊಂಡೆ. ನಗಲಿಲ್ಲ.

"ಒಂದು ಹಕ್ಕೀನ ಸಾಯಿಸ್ಬಿಟ್ಟಿದೀನಿ ಪುಟ್ಟಿ. ನವರಂಗ ಅಂತ, ತುಂಬಾ ಚೆನ್ನಾಗಿತ್ತು. ಫ್ರಿಜ್ಜಲ್ಲಿ ಇಟ್ಟು ಬಾಗಿಲಿಗೆ ಅಡ್ಡ ಕೂತ್ಬಿಟ್ಟೆ. ಸುಮಾ ಆಂಟಿ ಎಷ್ಟು ಅತ್ಳು ಗೊತ್ತಾ? ಸಾಕು ತೆಗಿ, ಸತ್ತೋಗುತ್ತೆ, ದಮ್ಮಯ್ಯ ಅಂತೀನಿ ಅಂತ ಬೇಡ್ಕೊಂಡ್ಳು. ನಾನು ಅವಳನ್ನ ಒದ್ದೆ. ಈಗ್ಲೂ ಒಂದೊಂದ್ಸಲ ನಿದ್ದೆ ಬರಲ್ಲ ನಂಗೆ, ಎಂಥಾ ಮನಸ್ಸು ನಂದು ಅಂತ."

ಅವಳ ಕಣ್ಣಲ್ಲಿ ನೀರು ನಿಂತಿತ್ತು. ಮಗಳು ನನ್ನ ಕಡೆ ತಿರುಗಿದಳು.

"ಹೌದಾ ಆಂಟಿ? ಅಮ್ಮ ಹಂಗೆ ಮಾಡಿದ್ಳಾ?"

ನಾನು ಮೊರದಿಂದ ಒಂದು ಅವರೆಕಾಯಿ ತೆಗೆದುಕೊಂಡು ಬಿಡಿಸಿದೆ.

"ಪಾಪ, ಚಿಕ್ಕೋಳು ಆಗ ನಿಮ್ಮಮ್ಮ," ಅಂದೆ. "ಗೊತ್ತಾಗ್ಲಿಲ್ಲ."